ಹೊಸ ರಸ್ತೆ ಬೇಡ, ಇರುವ ಸಣ್ಣ ದಾರಿಗಳನ್ನು ಸೈಕಲ್ಲಿಗೆ ಬಿಟ್ಟುಕೊಡಿ: ಮಲೆನಾಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ, ಮಾನ್ಯ ಲೋಕೋಪಯೋಗಿ ಸಚಿವರಿಗೆ, ಹಾಗೂ ಚಿಕ್ಕಮಗಳೂರು, ಶಿವಮೊಗ್ಗ, ಹಾಸನ ಮತ್ತು ಕೊಡಗು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ,

ವಂದನೆಗಳು.

ಮಲೆನಾಡಿನಲ್ಲಿ ಕಾರು, ಲಾರಿಗಳ ಭಯವಿಲ್ಲದೆ ಸೈಕಲ್ಲಿನಲ್ಲಿ ಊರಿಂದೂರಿಗೆ ಹೋಗಬಹುದಾದ ದಾರಿಗಳು ಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಕೇಳುವ ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ: ನಾನು ಹೊಸ ರಸ್ತೆ ಕೇಳುತ್ತಿಲ್ಲ. ಗುಡ್ಡದ ಬುಡ ಕಡಿದು ಕಾಂಕ್ರೀಟಿನ ಸೈಕಲ್ ಪಥ ಹಾಕುತ್ತೇವೆಂದು ಯಾರಾದರೂ ನಿಮ್ಮ ಮುಂದೆ ಕಡತ ತಂದಿಟ್ಟರೆ, ಸೈಕಲ್ ತುಳಿಯುವವರ ಹೆಸರಿನಲ್ಲೇ ಅದನ್ನು ತಿರಸ್ಕರಿಸಿ.

ಕಡಿದ ಗುಡ್ಡ ಏನು ಮಾಡುತ್ತದೆ ಎಂಬುದನ್ನು ನಾವು ನೋಡಿದ್ದೇವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕಡಿದುಹೋಯಿತು. ಮರುವರ್ಷ ಅದೇ ತಿಂಗಳಲ್ಲಿ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ವಾಹನ ಸಂಚಾರ ನಿಂತಿತು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಇಡಿಯಾಗಿ ಜಾರಿ, ಚಹಾದಂಗಡಿಯನ್ನೂ ಪಕ್ಕದಲ್ಲಿ ನಿಂತಿದ್ದ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಮಳೆ ನಮ್ಮಲ್ಲಿ ಹಿಂದೆಯೂ ಸುರಿಯುತ್ತಿತ್ತು. ಆದರೆ ಬುಡ ಕಳೆದುಕೊಂಡು ಗೋಡೆಯಂತೆ ನಿಂತ ಮಣ್ಣು ನೀರು ಕುಡಿದು ಭಾರವಾದ ಮೇಲೆ ನಿಲ್ಲುವುದಿಲ್ಲ. ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಮನೆಯ ಹಿಂದೆ ದರೆ ಇರುವ ಮಲೆನಾಡಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ.

ಹಾಗಾದರೆ ದಾರಿ ಎಲ್ಲಿದೆ? ಬಹುಪಾಲು ಈಗಾಗಲೇ ಇದೆ. ಮೈಲಿಗಲ್ಲಿನ ತಲೆಯ ಬಣ್ಣ ನೋಡಿಕೊಂಡು ಹೋದರೆ ಸಿಗುತ್ತದೆ. ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿ, ಹಸಿರಿನದು ರಾಜ್ಯ ಹೆದ್ದಾರಿ. ಇವೆರಡನ್ನೂ ಬಿಟ್ಟು ಕಿತ್ತಳೆ ಬಣ್ಣದ ತಲೆಯ ಕಲ್ಲಿರುವ ಕಡೆ ತಿರುಗಿಕೊಳ್ಳಬೇಕು. 2000ದಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳು ಅವು. ಸಾಮಾನ್ಯವಾಗಿ 3.75 ಮೀಟರ್ ಅಗಲದ ಡಾಂಬರು. ಎದುರಿನಿಂದ ಕಾರು ಬಂದರೆ ಇಬ್ಬರಲ್ಲಿ ಒಬ್ಬರು ಪಕ್ಕಕ್ಕೆ ಇಳಿಯಲೇಬೇಕಾದ್ದರಿಂದ ಅಲ್ಲಿ ಯಾರೂ ವೇಗವಾಗಿ ಓಡಿಸುವುದಿಲ್ಲ. ರಾಜ್ಯ ಸರ್ಕಾರದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಯಿಂದ ಇಂಥ ಇನ್ನಷ್ಟು ದಾರಿಗಳು ಸೇರಿಕೊಂಡಿವೆ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ತಾಲ್ಲೂಕುಗಳ ನಕ್ಷೆ ಬಿಡಿಸಿ ನೋಡಿದರೆ ಹೆದ್ದಾರಿಗಳ ನಡುವೆ ಈ ಸಣ್ಣ ರಸ್ತೆಗಳು ಎಲೆಯ ನರಗಳಂತೆ ಹಬ್ಬಿರುವುದು ಕಾಣುತ್ತದೆ.

ನಮ್ಮ ಕೊಪ್ಪ ಸೀಮೆಯ ಅಂಥದೊಂದು ರಸ್ತೆಯನ್ನು ಹತ್ತಿರದಿಂದ ನೋಡಿ. ಒಂದು ಕಡೆ ಜರೀಗಿಡ ಮುಚ್ಚಿದ ದರೆ, ಇನ್ನೊಂದು ಕಡೆ ಕೆಳಗೆ ಅಡಿಕೆ ತೋಟ, ಅದರಾಚೆ ಗದ್ದೆ ಕೋಗು. ಬೆಳಗ್ಗೆ ಡೇರಿಗೆ ಹಾಲು ಒಯ್ಯುವ ಗಾಡಿ ಹೋಗುತ್ತದೆ, ಆಮೇಲೆ ಶಾಲೆಯ ವ್ಯಾನು, ಆಮೇಲೆ ಕೂಲಿಯವರನ್ನು ತುಂಬಿಕೊಂಡ ಒಂದೆರಡು ಪಿಕಪ್. ಒಂಬತ್ತೂವರೆ ದಾಟಿತೆಂದರೆ ಮಧ್ಯಾಹ್ನದ ಬಸ್ಸಿನವರೆಗೆ ಆ ರಸ್ತೆ ದನಕರುಗಳದು, ನಡೆದು ಹೋಗುವವರದು. ಸೈಕಲ್ಲಿನವನಿಗೆ ಇದಕ್ಕಿಂತ ಬೇರೆ ಪಥ ಬೇಕಿಲ್ಲ. ತೊಂದರೆ ಬರುವುದು ಈ ರಸ್ತೆ ಮುಗಿದು ಹೆದ್ದಾರಿಗೆ ಕೂಡುವ ಜಾಗದಲ್ಲಿ. ಅಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋಗಿ, ಬದಿಗೆ ಮಣ್ಣು ತುಂಬುವುದನ್ನು ಬಿಟ್ಟಿರುವುದರಿಂದ ರಸ್ತೆಯ ಅಂಚು ಗೇಣಷ್ಟು ಎತ್ತರಕ್ಕೆ ಕೊರೆದು ನಿಂತಿರುತ್ತದೆ. ಹಿಂದಿನಿಂದ ಲಾರಿ ಹಾರನ್ ಹಾಕಿದಾಗ ಸೈಕಲ್ಲಿನವನು ಎಡಕ್ಕೆ ಸರಿದರೆ ಮುಂದಿನ ಚಕ್ರ ಆ ಅಂಚಿನಿಂದ ಜಾರಿ ಬೀಳುತ್ತಾನೆ, ಸರಿಯದಿದ್ದರೆ ಲಾರಿಗೆ ಸಿಕ್ಕುತ್ತಾನೆ. ಗುತ್ತಿಗೆಯ ಷರತ್ತಿನಲ್ಲಿ ಬದು ತುಂಬುವ ಕೆಲಸವೂ ಸೇರಿರುತ್ತದೆ. ಬಿಲ್ಲು ಪಾಸು ಮಾಡುವ ಮುನ್ನ ಆ ಅಂಚಿಗೆ ಒಂದು ಅಳತೆಪಟ್ಟಿ ಹಿಡಿದು ನೋಡುವಂತೆ ನಿಮ್ಮ ಎಂಜಿನಿಯರುಗಳಿಗೆ ಹೇಳಿ. ಜೀವ ಉಳಿಸುವ ಕೆಲಸಗಳಲ್ಲಿ ಇದರಷ್ಟು ಅಗ್ಗದ್ದು ಇನ್ನೊಂದಿಲ್ಲ.

ಎರಡು ಹಳ್ಳಿರಸ್ತೆಗಳ ನಡುವೆ ಹೊಳೆ ಅಡ್ಡ ಬಂದಾಗ ಸೈಕಲ್ಲಿನವನು ಹೆದ್ದಾರಿಯ ಸೇತುವೆ ಹುಡುಕಿಕೊಂಡು ಹೋಗಬೇಕಾಗುತ್ತದೆ. ತುಂಗಾ, ಭದ್ರಾ, ಮಾಲತಿ, ಹೇಮಾವತಿ, ಎಲ್ಲ ಕಡೆಯೂ ಇದೇ ಕಥೆ. ಇದಕ್ಕೆ ಉತ್ತರವೂ ನಮ್ಮ ಊರುಗಳಲ್ಲೇ ಹುಟ್ಟಿದೆ, ಅದೇ ತೂಗುಸೇತುವೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಮುಂದೆ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಮಳೆಗಾಲ ಬಂದರೆ ದ್ವೀಪವಾಗುತ್ತಿದ್ದ ಊರುಗಳ ಮಕ್ಕಳು ಶಾಲೆಗೆ, ಬಸುರಿಯರು ಆಸ್ಪತ್ರೆಗೆ ಹೋಗಲೆಂದು ಆ ಸೇತುವೆಗಳು ಎದ್ದವು. ಅವುಗಳ ಮೇಲೆ ಕಾರು ಹೋಗಲಾರದು, ಲಾರಿ ಹೋಗಲಾರದು. ಸೈಕಲ್ ಪ್ರವಾಸಿಗೆ ಬೇಕಾದದ್ದು ಅದೇ. ಹಾಗೆಯೇ ಲೋಕೋಪಯೋಗಿ ಇಲಾಖೆಯ ‘ಶಾಲಾ ಸಂಪರ್ಕ ಸೇತು’ ಯೋಜನೆಯಲ್ಲಿ ಹಳ್ಳಕ್ಕೆ ಅಡ್ಡ ಮರ ಹಾಕಿದ್ದ ಕಾಲುಸಂಕಗಳ ಜಾಗದಲ್ಲಿ ಕಾಂಕ್ರೀಟಿನ ಕಿರುಸೇತುವೆಗಳು ಬಂದಿವೆ.

ಇಲ್ಲಿ ನನ್ನ ಬೇಡಿಕೆ ಬಹಳ ಸಣ್ಣದು. ತೂಗುಸೇತುವೆಗಳ ಎರಡೂ ತುದಿಯಲ್ಲಿ ಸಾಮಾನ್ಯವಾಗಿ ಮೆಟ್ಟಿಲುಗಳಿರುತ್ತವೆ. ಆ ಮೆಟ್ಟಿಲ ಪಕ್ಕದಲ್ಲಿ ಗೇಣಗಲದ ಒಂದು ಇಳಿಜಾರು ಪಟ್ಟಿ ಮಾಡಿಕೊಟ್ಟರೆ ಸೈಕಲ್ಲನ್ನು ಹೆಗಲ ಮೇಲೆ ಹೊರದೆ ಉರುಳಿಸಿಕೊಂಡು ಹತ್ತಿಸಬಹುದು. ಪ್ರವಾಸಿಗಿಂತ ಮೊದಲು ಅದರ ಪ್ರಯೋಜನ ಪಡೆಯುವವರು ಶಾಲೆಯ ಮಕ್ಕಳು. 2006–07ರಲ್ಲಿ ಸರ್ಕಾರಿ ಶಾಲೆಗಳ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ನಮ್ಮ ಕಡೆಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದ ದೃಶ್ಯ ಇನ್ನೂ ಕಣ್ಣ ಮುಂದಿದೆ. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಸೈಕಲ್ ದಾರಿಯ ಬಗ್ಗೆ ಯೋಚಿಸುವಾಗ ದೂರದ ಬೆಂಗಳೂರಿನಿಂದ ಗೇರಿನ ಸೈಕಲ್ ತರುವವರನ್ನು ಮಾತ್ರ ನೆನೆಯಬೇಡಿ. ಹೊಳೆಯಾಚೆಯ ಹುಡುಗಿ ಮೊದಲು, ಪ್ರವಾಸಿ ಆಮೇಲೆ.

ಇನ್ನು ಮುಳ್ಳಯ್ಯನಗಿರಿಯ ವಿಷಯ. 1,900 ಮೀಟರಿಗೂ ಎತ್ತರದ, ನಮ್ಮ ರಾಜ್ಯದ ಅತ್ಯುನ್ನತ ಶಿಖರಕ್ಕೆ ಹೋಗುವ ರಸ್ತೆ ಇಂದು ವಾರಾಂತ್ಯದಲ್ಲಿ ಕಾರುಗಳ ಸಾಲಾಗಿದೆ. 2022ರಲ್ಲಿ ಈ ಶಿಖರವಿರುವ ಚಂದ್ರದ್ರೋಣ ಪರ್ವತಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ಹೂವು ನೋಡಲು ಬಂದವರು ಹೂವಿನ ಮೇಲೆಯೇ ವಾಹನ ನಿಲ್ಲಿಸುವಂತಾಯಿತು. ಜಿಲ್ಲಾಡಳಿತ 2025ರಲ್ಲಿ ಮುಂಗಡ ಆನ್‌ಲೈನ್ ನೋಂದಣಿ ಜಾರಿಗೆ ತಂದು, ಬೆಳಗಿನದು ಮಧ್ಯಾಹ್ನದ್ದು ಎಂದು ಎರಡು ಸರದಿ ಮಾಡಿತು. ಆ ಕ್ರಮವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಅದೇ ವ್ಯವಸ್ಥೆಯೊಳಗೆ ಇನ್ನೊಂದು ಹೆಜ್ಜೆ ಇಡಿ ಎಂಬುದು ನನ್ನ ಕೋರಿಕೆ. ವಾರದಲ್ಲಿ ಒಂದು ದಿನ, ಬುಧವಾರವೆನ್ನಿ, ಬೆಳಗ್ಗೆ ಆರರಿಂದ ಹತ್ತರವರೆಗೆ ಕೈಮರದ ಚೆಕ್‌ಪೋಸ್ಟಿನಿಂದ ಮೇಲೆ ಪ್ರವಾಸಿ ವಾಹನಗಳನ್ನು ಬಿಡಬೇಡಿ. ಆ ನಾಲ್ಕು ಗಂಟೆ ಮುಳ್ಳಯ್ಯನಗಿರಿಗೆ ಹತ್ತುವ ಸೀತಾಳಯ್ಯನಗಿರಿಯ ರಸ್ತೆ ನಡೆಯುವವರಿಗೆ, ಸೈಕಲ್ಲಿನವರಿಗೆ ಇರಲಿ. ಮೇಲಿನ ಊರುಗಳವರ ವಾಹನ, ತೋಟದ ವಾಹನ, ಆಂಬ್ಯುಲೆನ್ಸ್, ಬಸ್ಸು ಎಂದಿನಂತೆ ಹೋಗಲಿ. ಜಾತ್ರೆ, ಜಯಂತಿಯ ದಿನಗಳನ್ನು ಇದರಿಂದ ಹೊರಗಿಡಿ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 115ನೇ ಕಲಮಿನಲ್ಲಿ, ಸಾರ್ವಜನಿಕರ ಸುರಕ್ಷತೆಗಾಗಿ, ಅನುಕೂಲಕ್ಕಾಗಿ ಅಥವಾ ರಸ್ತೆಯ ಸ್ವರೂಪದ ಕಾರಣಕ್ಕಾಗಿ ಒಂದು ರಸ್ತೆಯಲ್ಲಿ ಮೋಟಾರು ವಾಹನಗಳನ್ನು ನಿರ್ಬಂಧಿಸುವ ಅಧಿಕಾರ ಸ್ಪಷ್ಟವಾಗಿದೆ. ನಿರ್ಬಂಧ ಒಂದು ತಿಂಗಳು ಮೀರುವುದಾದರೆ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಅಷ್ಟೇ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಭಾರೀ ವಾಹನಗಳನ್ನು ನಿಲ್ಲಿಸುವ ಆದೇಶ ಹೊರಡಿಸುವಾಗ ಜಿಲ್ಲಾಡಳಿತಕ್ಕೆ ಇದೆಲ್ಲ ರೂಢಿಯಾಗಿದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಹೆದ್ದಾರಿಯನ್ನೇ ಪ್ರಾಣಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ಎಷ್ಟು ಒತ್ತಡ ಬಂದರೂ ಆ ನಿರ್ಬಂಧ ಉಳಿದಿದೆ. ಅದು ಈ ರಾಜ್ಯ ಹೆಮ್ಮೆಪಡಬೇಕಾದ ವಿಷಯ. ಆನೆಗೆ, ಜಿಂಕೆಗೆ ಒಂಬತ್ತು ಗಂಟೆ ಕೊಟ್ಟವರು ನಡೆಯುವ ಮನುಷ್ಯನಿಗೆ ವಾರಕ್ಕೆ ನಾಲ್ಕು ಗಂಟೆ ಕೊಡಲಾರರೆ?

ಬೆಟ್ಟದ ಮೇಲೆ ಮೋಟಾರು ಬೇಡ ಎಂದರೆ ವ್ಯಾಪಾರ ಬಿದ್ದುಹೋಗುತ್ತದೆ ಎನ್ನುವವರಿಗೆ ನೆರೆಯ ಮಹಾರಾಷ್ಟ್ರದ ಮಾಥೇರಾನ್ ತೋರಿಸಿ. ಅಲ್ಲಿ ಪ್ರವಾಸಿಗಳ ಕಾರುಗಳೆಲ್ಲ ದಸ್ತೂರಿಯಲ್ಲೇ ನಿಲ್ಲುತ್ತವೆ. ಊರೊಳಗೆ ನಡಿಗೆ, ಕುದುರೆ, ಪುಟ್ಟ ರೈಲು. 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಣೆಯಾದ ಮೇಲೂ ಮುಂಬಯಿಯ ಜನ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿಲ್ಲ. ಇಟಲಿಯ ಆಲ್ಪ್ಸ್‌ನಲ್ಲಿ 2,757 ಮೀಟರ್ ಎತ್ತರದ ಸ್ಟೆಲ್ವಿಯೊ ಘಾಟಿಯಿದೆ, ಒಂದು ಬದಿಯಲ್ಲೇ 48 ಹೇರ್‌ಪಿನ್ ತಿರುವುಗಳು. ಬೇಸಿಗೆ ಮುಗಿಯುವ ಹೊತ್ತಿಗೆ ಅದನ್ನು ಒಂದು ದಿನ ವಾಹನಗಳಿಗೆ ಮುಚ್ಚುತ್ತಾರೆ. ಸಾವಿರಾರು ಜನ ಅಂದು ಸೈಕಲ್ಲಿನಲ್ಲಿ ಹತ್ತುತ್ತಾರೆ, ಕೆಳಗಿನ ಊರುಗಳ ಹೋಟೆಲುಗಳು ಅವರಿಂದ ತುಂಬುತ್ತವೆ.

ಆದರೆ ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಸ್ಪೇನಿನ ಉದಾಹರಣೆ. ಅಲ್ಲಿ 1993ರಿಂದ ಬಳಕೆ ತಪ್ಪಿದ ರೈಲುಹಾದಿಗಳನ್ನು ‘ಹಸಿರು ದಾರಿ’ಗಳೆಂದು ಸೈಕಲ್ಲಿಗೂ ನಡಿಗೆಗೂ ತೆರೆಯುತ್ತಾ ಬಂದಿದ್ದಾರೆ. ಈಗ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದೆ. ಅವುಗಳಲ್ಲಿ ಒಂದು ದಕ್ಷಿಣದ ಆಂಡಲೂಸಿಯಾದ ಬೆಟ್ಟಗಳ ನಡುವೆ, ಪುಯೆರ್ತೊ ಸೆರಾನೊ ಮತ್ತು ಓಲ್ವೆರಾ ಎಂಬ ಊರುಗಳ ಮಧ್ಯೆ ಇದೆ. 36 ಕಿಲೋಮೀಟರ್ ಉದ್ದ, 30 ಸುರಂಗ, ನಾಲ್ಕು ಎತ್ತರದ ಸೇತುವೆಗಳು. 1920ರ ದಶಕದಲ್ಲಿ ರೈಲಿಗೆಂದು ಕೊರೆದದ್ದು, ಹಣ ನಿಂತುಹೋಗಿ ಒಂದು ರೈಲೂ ಓಡಲಿಲ್ಲ. ಎಷ್ಟೋ ವರ್ಷ ಪಾಳು ಬಿದ್ದಿತ್ತು. ಈಗ ಹಳೆಯ ನಿಲ್ದಾಣಗಳ ಕಟ್ಟಡಗಳೇ ತಂಗುದಾಣ, ಊಟದ ಮನೆ. ದಾರಿ ಥಾಫ್ರಮಗೊನ್ ಎಂಬ ಬೃಹತ್ ಬಂಡೆಗುಡ್ಡದ ಪಕ್ಕದಲ್ಲೇ ಹೋಗುತ್ತದೆ. ಅಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. ದಾರಿ ಬಂತೆಂದು ಹದ್ದು ಓಡಿಹೋಗಲಿಲ್ಲ, ಯಾಕೆಂದರೆ ಬಂದದ್ದು ಹಾರನ್ ಇಲ್ಲದ ವಾಹನ.

ನಮ್ಮಲ್ಲಿ ಹಾಗೆ ಬಿಟ್ಟುಹೋದ ರೈಲುಹಾದಿಗಳು ಹೆಚ್ಚಿಲ್ಲ ಎಂಬುದು ನಿಜ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲಿ ಸಣ್ಣ ಹಳಿಯ ರೈಲೊಂದಿತ್ತು. ಅದನ್ನು ಪುನಃ ತೆರೆಯಿರಿ ಎಂದು ಕೇಳುವವರಿದ್ದಾರೆ. ನಾನು ಕೇಳುವುದಿಲ್ಲ. ಆ ಎರಡು ಊರುಗಳ ನಡುವೆ ಇಂದು ಭದ್ರಾ ಜಲಾಶಯದ ಹಿನ್ನೀರು ಮತ್ತು ಹುಲಿ ಸಂರಕ್ಷಿತ ಪ್ರದೇಶ ಇವೆ; ಅಲ್ಲಿ ಮನುಷ್ಯರ ಓಡಾಟ ಇನ್ನೂ ಹೆಚ್ಚುವುದು ಬೇಡ. ಸ್ಪೇನಿನಿಂದ ಕಲಿಯಬೇಕಾದದ್ದು ಬೇರೊಂದಕ್ಕೆಂದು ಆಗಲೇ ಕಟ್ಟಿರುವುದನ್ನು ಬಳಸಿಕೊಳ್ಳುವ ಬುದ್ಧಿ. ನಮಗೆ ಅಂಥದ್ದು ನಾಲೆಗಳ ಏರಿ. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಭದ್ರಾ ಬಲದಂಡೆ ನಾಲೆ ದಾವಣಗೆರೆಯ ಕಡೆಗೆ ಹೋಗುತ್ತದೆ. ನೀರು ಹರಿಯಲೆಂದು ತೋಡಿದ್ದರಿಂದ ಅದರ ಪಕ್ಕದ ದಾರಿಗೆ ಏರಿಳಿತವೇ ಇಲ್ಲವೆನ್ನುವಷ್ಟು ಕಡಿಮೆ. ಘಾಟಿ ಹತ್ತಲಾಗದ ಹಿರಿಯರು, ಮಕ್ಕಳು ಅಲ್ಲಿ ಸೈಕಲ್ ತುಳಿಯಬಹುದು. ನೀರಾವರಿ ಇಲಾಖೆಯ ಜೀಪು ಮಾತ್ರ ಬೀಗ ತೆಗೆದು ಹೋಗುವಂತೆ ಗೇಟು, ನೀರಿನ ಬದಿಗೆ ತಡೆಗೋಡೆ, ಇವೆರಡೂ ಕಡ್ಡಾಯ. 2018ರ ನವೆಂಬರಿನಲ್ಲಿ ಮಂಡ್ಯದ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ತಡೆಗೋಡೆ ಇಲ್ಲದೆ ಒಂದು ಕಿಲೋಮೀಟರನ್ನೂ ತೆರೆಯಬೇಡಿ.

ಮಲೆನಾಡಿನಲ್ಲಿ ಸೈಕಲ್ ತುಳಿಯುವುದೆಂದರೆ ಎಲ್ಲ ಕಾಲದಲ್ಲೂ, ಎಲ್ಲ ಕಡೆಯಲ್ಲೂ ಸುಖ ಎಂದು ಜಾಹೀರಾತು ಕೊಡುವುದೂ ತಪ್ಪಾಗುತ್ತದೆ. ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ತೋಟಗಳಲ್ಲಿ ಆನೆಗಳಿವೆ. ಅಲ್ಲಿ ಬೆಳಕು ಸರಿಯಾಗಿ ಹರಿಯುವ ಮೊದಲು, ಸಂಜೆ ಕತ್ತಲಾಗುವ ಹೊತ್ತಿಗೆ ಯಾರೂ ಸೈಕಲ್ಲಿನಲ್ಲಿ ಇರಬಾರದು. ಹಾಸನ ಜಿಲ್ಲೆಯಲ್ಲಿ ಅರಣ್ಯ ಇಲಾಖೆ ಆನೆಗಳು ಎಲ್ಲಿವೆ ಎಂದು ಊರವರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಆ ಸಂದೇಶ ಹೋಂಸ್ಟೇಯಲ್ಲಿ ಉಳಿದ ಸೈಕಲ್ ಪ್ರವಾಸಿಗೂ ಮುಟ್ಟಬೇಕು. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣ್ಣೆಯ ಕಡಿತದಿಂದ ಬರುತ್ತದೆ. ಡಾಂಬರು ಬಿಟ್ಟು ಕಾಡಿನ ತರಗೆಲೆಯ ಮೇಲೆ ಕೂರಬೇಡಿ ಎಂದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದ ಫಲಕ ಬೇಕು. ಬೆಟ್ಟದ ಮೇಲಿನ ಶೋಲಾ ಹುಲ್ಲುಗಾವಲಿಗಂತೂ ಜೀಪು, ಬೈಕು ಮಾತ್ರವಲ್ಲ, ಸೈಕಲ್ಲೂ ಇಳಿಯಕೂಡದು. ಚಕ್ರ ಹೋದ ಗೆರೆಯಲ್ಲೇ ಮಳೆನೀರು ಕೊರಕಲು ಮಾಡುತ್ತದೆ. ನಮ್ಮ ಸೈಕಲ್ಲಿನವರು ಈ ಮಾತು ಮೀರಿದರೆ ದಂಡ ಹಾಕಿ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ರಸ್ತೆಗಳಲ್ಲಿ ಟ್ರ್ಯಾಕ್ಟರು, ಪಿಕಪ್‌ಗಳ ಓಡಾಟ ಹೆಚ್ಚು. ಆ ರಸ್ತೆಗಳ ಮೇಲಿನ ಮೊದಲ ಹಕ್ಕು ತೋಟದವರದು. ಅದಕ್ಕೇ ಯಾವ ಹಳ್ಳಿರಸ್ತೆಯನ್ನೂ ಸೈಕಲ್ಲಿಗೆಂದು ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಹೊರಗಿನ ವಾಹನಗಳು ಹೆದ್ದಾರಿಯ ದಟ್ಟಣೆ ತಪ್ಪಿಸಿಕೊಳ್ಳಲು ಮೊಬೈಲ್ ನಕ್ಷೆ ನೋಡಿಕೊಂಡು ಊರೊಳಗೆ ನುಗ್ಗುವುದನ್ನು ತಡೆದರೆ ಸಾಕು. ಊರಿನ ಬಾಯಲ್ಲಿ ‘ಊರವರ ವಾಹನಗಳಿಗೆ ಮಾತ್ರ’ ಎಂಬ ಫಲಕ, ಗಂಟೆಗೆ 30 ಕಿಲೋಮೀಟರ್ ವೇಗದ ಮಿತಿ, ಅದನ್ನು ನೋಡಿಕೊಳ್ಳುವ ಅಧಿಕಾರ ಗ್ರಾಮ ಪಂಚಾಯಿತಿಗೆ. ದಯವಿಟ್ಟು ಈ ರಸ್ತೆಗಳನ್ನು ಅಗಲ ಮಾಡಬೇಡಿ. ಅಗಲವಾದ ದಿನವೇ ಅವು ಸೈಕಲ್ಲಿಗೂ, ನಡೆಯುವ ಮಕ್ಕಳಿಗೂ ಇಲ್ಲವಾಗುತ್ತವೆ.

ಊರಿಗೇನು ಸಿಗುತ್ತದೆ ಎಂದು ಪಂಚಾಯಿತಿಯವರು ಕೇಳಿಯೇ ಕೇಳುತ್ತಾರೆ. ಕಾರಿನವರು ಬೆಂಗಳೂರಿನಿಂದಲೇ ತಿಂಡಿ, ನೀರು ತುಂಬಿಕೊಂಡು ಬಂದು, ಶಿಖರ ನೋಡಿ, ಖಾಲಿ ಬಾಟಲಿ ಬಿಟ್ಟು, ಅದೇ ದಿನ ವಾಪಸಾಗುವುದುಂಟು. ಸೈಕಲ್ಲಿನವನಿಗೆ ಅದು ಸಾಧ್ಯವಿಲ್ಲ. ಘಾಟಿ ಹತ್ತಿದವನಿಗೆ ಹಸಿವಾಗುತ್ತದೆ. ಅವನು ಬಸ್‌ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಕಡುಬು, ಅಕ್ಕಿರೊಟ್ಟಿ ತಿನ್ನುತ್ತಾನೆ, ಮುಂದಿನ ಊರಲ್ಲಿ ಬಾಳೆಹಣ್ಣು ಕೊಳ್ಳುತ್ತಾನೆ, ಸಂಜೆಯಾದ ಕಡೆ ಉಳಿಯುತ್ತಾನೆ. ಹೋಂಸ್ಟೇಗಳಲ್ಲಿ ಬಹುಪಾಲು ಪೇಟೆ ಮತ್ತು ಶಿಖರದ ಸುತ್ತಲೇ ಸೇರಿಕೊಂಡಿವೆ. ಸೈಕಲ್ ದಾರಿ ಬಂದರೆ ಹೆಸರು ಕೇಳಿರದ ಊರಿನ ಮನೆಗೂ ಅತಿಥಿ ಬರುತ್ತಾನೆ. ಪಂಕ್ಚರ್ ಹಾಕುವ, ಕಡ್ಡಿ ಬಿಗಿಯುವ ಸೈಕಲ್ ಅಂಗಡಿಗಳು ನಮ್ಮ ಪೇಟೆಗಳಲ್ಲಿ ಒಂದೊಂದಾಗಿ ಬೈಕ್ ಗ್ಯಾರೇಜುಗಳಾಗಿವೆ. ಆ ಕಸುಬು ಬಲ್ಲ ಹಿರಿಯರು ಇನ್ನೂ ಇದ್ದಾರೆ, ಕಲಿಸಲು ಸಿದ್ಧರಿದ್ದಾರೆ. ಬೆಂಗಳೂರಿನಿಂದ 2008ರಲ್ಲಿ ಶುರುವಾದ ‘ಟೂರ್ ಆಫ್ ನೀಲಗಿರೀಸ್’ನಂಥ ಸೈಕಲ್ ಯಾತ್ರೆಗಳಿಗೆ ದೇಶವಿದೇಶಗಳಿಂದ ಜನ ಬರುತ್ತಿದ್ದಾರೆ. ಬೆಟ್ಟ ಹತ್ತುವ ಸೈಕಲ್ ಸವಾರರನ್ನು ನಾವು ಹೊಸದಾಗಿ ಹುಟ್ಟಿಸಬೇಕಿಲ್ಲ.

ಬರುವವರು ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಬಂದರೆ ಉದ್ದೇಶವೇ ಕೆಟ್ಟಿತು. ಚಿಕ್ಕಮಗಳೂರಿಗೆ 2013ರಿಂದ ರೈಲಿದೆ, ಶಿವಮೊಗ್ಗಕ್ಕೂ ಸಕಲೇಶಪುರಕ್ಕೂ ಇದೆ. ಸೈಕಲ್ ಒಯ್ಯುವ ವ್ಯವಸ್ಥೆ ಸುಲಭವಾಗಲಿ ಎಂದು ರೈಲ್ವೆಗೆ ರಾಜ್ಯವೇ ಬರೆಯಬೇಕು. ಕೆಎಸ್‌ಆರ್‌ಟಿಸಿಯ ಹಳೆಯ ಕೆಂಪು ಬಸ್ಸುಗಳ ತಲೆಯ ಮೇಲೆ ಸಾಮಾನು ಕಟ್ಟುವ ಕಂಬಿಯಿರುತ್ತಿತ್ತು. ಘಾಟಿಯ ಬಸ್ಸುಗಳಿಗಾದರೂ ಸೈಕಲ್ ಹೊರುವ ಚೌಕಟ್ಟು ಹಾಕಿಸಿ.

ಅಕ್ಟೋಬರಿನ ಹೊತ್ತಿಗೆ ಮಳೆ ಬಿಡುತ್ತದೆ. ಅಷ್ಟರೊಳಗೆ ಒಂದು ದಾರಿಯನ್ನಾದರೂ ಗುರುತಿಸಿ ಫಲಕ ಹಾಕಬಹುದು. ತೀರ್ಥಹಳ್ಳಿಯಿಂದ ಕುಪ್ಪಳಿ, ಕೊಪ್ಪ, ಹರಿಹರಪುರದ ಮೂಲಕ ಶೃಂಗೇರಿಗೆ, ಸಾಧ್ಯವಿದ್ದಷ್ಟೂ ಹೆದ್ದಾರಿ ತಪ್ಪಿಸಿ, ಕಿತ್ತಳೆ ಕಲ್ಲಿನ ರಸ್ತೆಗಳನ್ನೇ ಹಿಡಿದು ಹೋಗುವ ದಾರಿ ಮೊದಲನೆಯದಾಗಲಿ ಎಂಬುದು ನನ್ನ ಸಲಹೆ. ಅದರ ನಕ್ಷೆಯಲ್ಲಿ ದೂರದ ಜೊತೆಗೆ ಎಲ್ಲಿ ಏರು ಕಡಿದಾಗಿದೆ, ಎಲ್ಲಿ ಕುಡಿಯುವ ನೀರಿದೆ, ಎಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಎಲ್ಲಿಂದ ಎಲ್ಲಿಯವರೆಗೆ ಮೊಬೈಲ್ ಸಿಗ್ನಲ್ ಇರುವುದಿಲ್ಲ ಎಂಬುದೂ ಇರಲಿ. ಆ ನಕ್ಷೆಯನ್ನು ಸಲಹಾ ಸಂಸ್ಥೆಗೆ ಗುತ್ತಿಗೆ ಕೊಡುವ ಬದಲು ಪೋಸ್ಟ್‌ಮನ್‌ಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ಕೂರಿಸಿಕೊಂಡು ಮಾಡಿ. ಯಾವ ಹಳ್ಳ ಯಾವಾಗ ರಸ್ತೆಗೆ ಹತ್ತುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

ಮುಳ್ಳಯ್ಯನಗಿರಿಯ ಬುಧವಾರದ ಆದೇಶದ ಕರಡನ್ನು ಪ್ರಕಟಿಸಿ, ಆಕ್ಷೇಪಣೆ ಕೇಳಿ. ಜೀಪು ಓಡಿಸಿ ಬದುಕುವವರ ಮಾತನ್ನು ಮೊದಲು ಕೇಳಿ. ಆ ನಾಲ್ಕು ಗಂಟೆಯಲ್ಲಿ ನಡೆಯಲಾಗದವರನ್ನು ಮೇಲೆ ಕರೆದೊಯ್ಯುವ ಪರವಾನಗಿಯನ್ನು ಸರದಿಯ ಮೇಲೆ ಅವರಿಗೇ ಕೊಡಬಹುದು. ಸಭೆಯನ್ನು ಜಿಲ್ಲಾಧಿಕಾರಿ ಕಚೇರಿಯ ಸಭಾಂಗಣದಲ್ಲಿ ಇಡಬೇಡಿ. ಕೈಮರದಲ್ಲೇ ಇಡಿ, ತೋಟದ ಕೆಲಸ ಬಿಟ್ಟ ಮೇಲೆ, ಸಂಜೆ ಐದಕ್ಕೆ. ನಾನೂ ಬರುತ್ತೇನೆ.

ಇಂತಿ,
ಕೊಪ್ಪ ತಾಲ್ಲೂಕಿನ ಒಬ್ಬ ಸೈಕಲ್ ಸವಾರ